ಫೋಟೋ ನೋಡಿ ನಾಯಿ ತರಬೇಡ ಕಣವ್ವ

ಪುಟ್ಟಿಗೆ ಮಂಡ್ಯದಿಂದ ನಿನ್ನ ಮಾವನ ಆಶೀರ್ವಾದಗಳು.

ನಾಯಿ ಸಾಕಬೇಕು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರೂ ಫೋಟೋ ನೋಡಿದೆ: ಒಂದು ಹಸ್ಕಿ, ಒಂದು ಮರಿ, ಒಂದು ಕಪ್ಪು ಕಂತ್ರಿ ನಾಯಿ. "ಯಾವುದು ತರಲಿ ಮಾವ, ಬೇಗ ಹೇಳಿ, ಹಸ್ಕಿ ನೋಡೋಕೆ ಬೇರೆಯವರೂ ಬರ್ತಾ ಇದಾರಂತೆ" ಅಂತ ಕೇಳಿದ್ದೀಯ. ಬೇರೆಯವರು ಬಂದರೆ ಬರಲಿ ಬಿಡು, ಒಳ್ಳೆಯದೇ ಆಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು "ಸರಿ ಮಾವ" ಅಂದುಬಿಡುತ್ತೀಯ, ನಿಮ್ಮಮ್ಮನದೂ ಇದೇ ಬುದ್ಧಿ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು ನಾನು. ಮರಿಯನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದವರೇ ವರ್ಷ ತಿರುಗುವುದರೊಳಗೆ "ಇದನ್ನ ಯಾರಿಗಾದರೂ ಕೊಡಿಸಿ ಸಾರ್" ಅಂತ ಬಂದು ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಮನೆ ಬದಲಾಯಿಸುತ್ತಿದ್ದೇವೆ, ಮಗು ಆಯಿತು, ಓನರ್ ಬೇಡ ಅಂತಾರೆ. ಕಾರಣ ಹೆಚ್ಚುಕಮ್ಮಿ ಈ ಮೂರರಲ್ಲಿ ಒಂದು. ಅವರು ಯಾರೂ ಕೆಟ್ಟವರಲ್ಲ. ತರುವಾಗ ನಾಯಿಯನ್ನು ನೋಡಿದ್ದರು, ತಮ್ಮ ಮನೆಯನ್ನು ನೋಡಿಕೊಂಡಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ನಿಮ್ಮ ಮನೆ ವಿಷಯಕ್ಕೆ ಬರೋಣ. ಮೈಸೂರಿನ ಕುವೆಂಪುನಗರದಲ್ಲಿ ಮೊದಲನೇ ಮಹಡಿ, ಬಾಡಿಗೆ ಮನೆ, ಎರಡು ರೂಮು, ಬಟ್ಟೆ ಒಣಗಿಸೋಕೆ ಒಂದು ಬಾಲ್ಕನಿ. ನೀವಿಬ್ಬರೂ ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಅಲ್ಲೀತನಕ ನಿಮ್ಮತ್ತೆಯವರು ಒಬ್ಬರೇ. ಅವರಿಗೋ ಮಂಡಿನೋವು, ಕೈಯಲ್ಲಿ ಕೋಲು. ಈ ಹತ್ತೂವರೆ ಗಂಟೆಗೆ ಹೊಂದಿಕೊಳ್ಳುವ ನಾಯಿ ಯಾವುದು ಅಂತ ಹುಡುಕಬೇಕು. ಕಣ್ಣು ನೀಲಿಯೋ ಕಂದೋ, ಬಾಲ ಪೊದೆಯೋ ಸಣಕಲೋ, ಅದೆಲ್ಲ ಆಮೇಲಿನ ಮಾತು.

ಹಸ್ಕಿ ಬೇಡವೇ ಬೇಡ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯೋಕೆ ಅಂತ ಬೆಳೆಸಿದ ತಳಿ ಅದು. ಮೈಮೇಲೆ ಎರಡು ಪದರ ಕೂದಲು, ದಿನವಿಡೀ ಓಡಿದರೂ ದಣಿಯದ ಕಾಲು. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ತಾರಸಿ ಮನೆಯಲ್ಲಿ ನಿಮಗೇ ಮಲಗೋಕೆ ಆಗಲ್ಲ ಅಂತೀಯ, ಅದರ ಗತಿ ಏನು? ಓಡೋಕೆ ಜಾಗ ಸಿಗದಿದ್ದರೆ ಆ ಶಕ್ತಿಯೆಲ್ಲ ಸೋಫಾ ಮೇಲೆ, ಬಾಗಿಲ ಮೇಲೆ ಹೋಗುತ್ತದೆ. ಊಳಿಡುವುದು ಬೇರೆ. ಫ್ರೀಯಾಗಿ ಕೊಡುತ್ತಿದ್ದಾರೆ ಅಂದೆಯಲ್ಲ, ಅಷ್ಟು ದುಡ್ಡು ಕೊಟ್ಟು ತಂದವರು ಯಾಕೆ ಫ್ರೀಯಾಗಿ ಕೊಡುತ್ತಾರೆ ಅಂತ ಒಂದು ಸಲ ಕೇಳಿ ನೋಡು. ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯವೂ ಬೇಡ. ಸೆಕೆಗೆ ಅವಕ್ಕೆ ಸರಿಯಾಗಿ ಉಸಿರಾಡೋಕೇ ಆಗಲ್ಲ.

ಅಳಿಯಂದಿರಿಗೆ ರಾಟ್‌ವೀಲರ್ ಆಸೆ ಅಂತ ಗೊತ್ತಾಯಿತು. 2024ರಲ್ಲಿ ಕೇಂದ್ರದವರು ಅದೂ ಸೇರಿ 23 ತಳಿ ಸಾಕಬಾರದು ಅಂತ ಸುತ್ತೋಲೆ ಹೊರಡಿಸಿದ್ದರು, ನಮ್ಮ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು, ನಿಜ. ಕೋರ್ಟು ಬೇಡ ಅನ್ನಲಿಲ್ಲ ಅಂತ ನಿಮ್ಮ ಮನೆ ಮೆಟ್ಟಿಲಿಗೆ ಅದು ಹೊಂದುತ್ತದೆ ಅಂತ ಆಗಲಿಲ್ಲ. ಮುಧೋಳ ನಾಯಿಯ ಮಾತೂ ಬಂತಂತೆ. ನನಗೂ ಅದರ ಮೇಲೆ ಬಹಳ ಅಭಿಮಾನ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ ಅದು, ಸೈನ್ಯದವರೂ ತಗೊಂಡು ಪಳಗಿಸಿದರು. ಆದರೆ ಅದು ಬೇಟೆಗೆ ಓಡುವ ಜಾತಿ. ನಮ್ಮ ಗದ್ದೆ ಬಯಲಿನಲ್ಲಾದರೆ ಸರಿ. ಬಾಲ್ಕನಿಯಲ್ಲಿ ಕಟ್ಟಿ ಹಾಕಿದರೆ ಅದಕ್ಕಿಂತ ಪಾಪ ಇನ್ನೊಂದಿಲ್ಲ.

ಈಗ ನೀನು ಆ ದತ್ತು ಕ್ಯಾಂಪಿನಲ್ಲಿ ನೋಡಿದ ಮರಿ. ಮುದ್ದಾಗಿದೆ, ಒಪ್ಪಿದೆ. ಯಾವ ಮರಿ ಮುದ್ದಾಗಿಲ್ಲ ಹೇಳು? ಎರಡು ತಿಂಗಳು ಅಂತ ಅವರು ಹೇಳಿದ್ದನ್ನು ಹಾಗೇ ನಂಬಬೇಡ, ತುಟಿ ಎತ್ತಿ ಹಲ್ಲು ನೋಡು. ಸೂಜಿಯಂಥ ಹಾಲುಹಲ್ಲು ಎಲ್ಲಾ ಬಂದಿರಬೇಕು. ಇನ್ನೂ ಸರಿಯಾಗಿ ಬಂದಿಲ್ಲ ಅಂದರೆ ತಾಯಿಯಿಂದ ಬೇಗ ಕಿತ್ತಿದ್ದಾರೆ ಅಂತ ಅರ್ಥ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ನಿಯಮವೇ ಇದೆ, ಮಾರುವವರು ಯಾರು ಕೇಳುತ್ತಾರೆ! ತಾಯಿ, ಒಡಹುಟ್ಟಿದವರ ಜೊತೆ ಕಚ್ಚಾಡಿಕೊಂಡೇ ಮರಿ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅನ್ನುವುದನ್ನು ಕಲಿಯುವುದು. ಬೇಗ ಬಿಡಿಸಿದ ಮರಿ ಆ ಪಾಠವನ್ನು ನಿಮ್ಮ ಕೈ ಮೇಲೆ ಕಲಿಯುತ್ತದೆ.

ಅದು ಸರಿಯಾದ ವಯಸ್ಸಿನದೇ ಆದರೂ ನಿಮ್ಮ ಮನೆಗೆ ಕಷ್ಟ. ಮರಿ ಅಂದರೆ ಎರಡು ಗಂಟೆಗೊಂದು ಸಲ ಉಚ್ಚೆಗೆ ಕರೆದುಕೊಂಡು ಹೋಗಬೇಕು, ರಾತ್ರಿಯೂ ಏಳಬೇಕು. ಯಾರು ಕರೆದುಕೊಂಡು ಹೋಗುತ್ತಾರೆ? ನಿಮ್ಮತ್ತೆಯವರಾ? ಮೊಸಾಯಿಕ್ ನೆಲದ ಮೇಲೆ ಉಚ್ಚೆ ಹೊಯ್ದಿರುತ್ತದೆ, ಅವರು ಕಾಲಿಟ್ಟು ಜಾರಿದರೆ ಆಮೇಲೆ ನಾಯಿ ಆಸ್ಪತ್ರೆ ಬಿಟ್ಟು ಮೂಳೆ ಆಸ್ಪತ್ರೆಗೆ ಓಡಬೇಕು. ಚುಚ್ಚುಮದ್ದು ಆರೆಂಟು ವಾರಕ್ಕೆ ಶುರುವಾದರೆ ಮೂರ್ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳತನಕ ನಡೆಯುತ್ತದೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು ಬೇರೆ. ಅದು ಮುಗಿಯೋತನಕ ಬೀದಿಯಲ್ಲಿ ಬಿಡುವ ಹಾಗಿಲ್ಲ. ಪಾರ್ವೋ ಅಂತ ಒಂದು ಕಾಯಿಲೆ, ವಾಂತಿ, ರಕ್ತಭೇದಿ. ಬೆಳಗ್ಗೆ ಆಡುತ್ತಿದ್ದ ಮರಿ ಮಾರನೇ ದಿನ ತಲೆ ಎತ್ತಲ್ಲ. ಆ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮಗಿಂತ ಮುಂಚೆ ಆ ಮನೆಯಲ್ಲಿ ಇದ್ದವರು ಮರಿ ಸಾಕಿದ್ದರಾ, ಅದು ಸತ್ತಿತ್ತಾ ಅಂತ ಕೇಳಿದೆಯಾ? ಯಾರೂ ಕೇಳಲ್ಲ. ಮನೆಯಲ್ಲಿ ಒಬ್ಬರು ಗಟ್ಟಿಮುಟ್ಟಾಗಿ ಇಡೀ ದಿನ ಇರುವ ಹಾಗಿದ್ದರೆ ಮರಿ ತಾ ಅಂತ ನಾನೇ ಹೇಳುತ್ತಿದ್ದೆ.

ಉಳಿದದ್ದು ಆ ಮೂರನೇ ಫೋಟೋ. ನೀನು ಅದರ ಬಗ್ಗೆ ಒಂದೇ ಸಾಲು ಬರೆದಿದ್ದೀಯ: "ಆಶ್ರಯಧಾಮದಲ್ಲಿರೋ ಕಂತ್ರಿ ನಾಯಿ, ಹೆಣ್ಣು, ಮೂರು ವರ್ಷ, ಕಾಲು ಮುರಿದು ಬಂದಿತ್ತಂತೆ, ಫೋಟೋದಲ್ಲಿ ಏನೂ ಕಾಣಿಸ್ತಿಲ್ಲ." ಕಪ್ಪು ನಾಯಿ ಫೋಟೋದಲ್ಲಿ ಯಾವತ್ತು ಕಂಡಿದೆ? ಎರಡು ಕಣ್ಣು ಮಿಂಚುತ್ತವೆ, ಮಿಕ್ಕಿದ್ದೆಲ್ಲ ಮಸಿ. ಫೋಟೋ ಮಾತ್ರ ನೋಡಿದರೆ ಇಂಥವು ಅಲ್ಲೇ ಉಳಿದುಬಿಡಬಹುದು. ನಿಮ್ಮತ್ತೆಯವರು ಕರಿ ನಾಯಿ ಮನೆಗೆ ಆಗಿಬರಲ್ಲ ಅಂದರಂತೆ. ನಾಗಮಂಗಲದ ಕಡೆ ಹೋದಾಗೆಲ್ಲ ಆದಿಚುಂಚನಗಿರಿಗೆ ಹತ್ತಿ ಭೈರವನಿಗೆ ಕೈ ಮುಗಿದು ಬರುತ್ತಾರಲ್ಲ, ಆ ಭೈರವನ ವಾಹನ ಯಾವುದು ಅಂತ ಮೆತ್ತಗೆ ಕೇಳು. ನಾನು ಹೇಳಿದೆ ಅನ್ನಬೇಡ.

ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದು ಕಿವಿಯ ತುದಿ ಕತ್ತರಿಸಿದೆ. ಯಾರೋ ಹಿಂಸೆ ಕೊಟ್ಟಿದ್ದಾರೆ ಅಂದುಕೊಳ್ಳಬೇಡ, ಅದು ಮರಿಯಾಗದ ಹಾಗೆ ಆಪರೇಷನ್ ಆಗಿದೆ ಅನ್ನುವ ಗುರುತು. ಆಪರೇಷನ್ ಮಾಡಿದಾಗಲೇ ರೇಬೀಸ್ ಚುಚ್ಚುಮದ್ದೂ ಹಾಕಿರುತ್ತಾರೆ, ಆದರೂ ವರ್ಷಕ್ಕೊಂದು ಸಲ ಹಾಕಿಸಬೇಕು, ತಾರೀಕು ಕೇಳಿ ಬರೆದುಕೋ. ಆಪರೇಷನ್ ಆಗಿರುವುದರಿಂದ ವರ್ಷಕ್ಕೆ ಎರಡು ಸಲ ಬೆದೆಗೆ ಬರುವುದು, ಗೇಟಿನ ಮುಂದೆ ಬಡಾವಣೆಯ ಗಂಡು ನಾಯಿಗಳೆಲ್ಲ ಸೇರುವುದು, ಆ ರಗಳೆ ಇಲ್ಲ. ಮೂರು ವರ್ಷದ ನಾಯಿ ಅಂದರೆ ಬೆಳೆಯುವುದೆಲ್ಲ ಬೆಳೆದಾಗಿದೆ. ಎಷ್ಟು ದೊಡ್ಡದಾಗುತ್ತದೋ, ಯಾವ ಬುದ್ಧಿ ಬರುತ್ತದೋ ಅಂತ ಕಾಯಬೇಕಾಗಿಲ್ಲ, ಈಗ ನೋಡಿದ್ದೇ ನಾಯಿ. ಮೈಮೇಲೆ ಗಿಡ್ಡ ಕೂದಲು, ನಮ್ಮ ಬಿಸಿಲು ಅದಕ್ಕೆ ಹುಟ್ಟಿದಾಗಿನಿಂದ ಗೊತ್ತು.

ಹಾಗಂತ ಕಣ್ಣು ಮುಚ್ಚಿ ಇದನ್ನೇ ತಾ ಅನ್ನುತ್ತಿಲ್ಲ. ಹೋಗಿ ನೋಡಬೇಕು, ಒಂದೇ ಸಲ ನೋಡಿದರೆ ಸಾಲದು. ಊಟಕ್ಕೆ ಮುಂಚೆ ಒಂದು ಸಲ, ಊಟ ಆಗಿ ಮಲಗಿರುವಾಗ ಒಂದು ಸಲ, ಚೈನು ಹಾಕಿ ಹೊರಗೆ ಕರೆದುಕೊಂಡು ಹೋಗಿ ಒಂದು ಸಲ. ಕಂಬಿ ಹಿಂದೆ ಇರುವಾಗ ಬೊಗಳಿತು ಅಂತ ಬೇಡ ಅನ್ನಬೇಡ, ಅಷ್ಟು ನಾಯಿಗಳ ಗಲಾಟೆಯಲ್ಲಿ ಎಂಥ ಸಾಧುವೂ ಬೊಗಳುತ್ತದೆ. ಹೊರಗೆ ತಂದ ಮೇಲೆ ಪಕ್ಕಕ್ಕೆ ತಿರುಗಿ ಸುಮ್ನೆ ಕೂತ್ಕೋ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮೇಲಿಂದ ತಲೆ ಮೇಲೆ ಕೈ ಇಡಬಾರದು. ಅದೇ ಬಂದು ನಿನ್ನ ಕೈ ಮೂಸಲಿ. ಮೈ ಸಡಿಲ ಬಿಟ್ಟು ಸೊಂಟದ ಸಮೇತ ಬಾಲ ಆಡಿಸಿಕೊಂಡು ಬಂದರೆ ಸ್ನೇಹ. ಬಾಲ ನೆಟ್ಟಗೆ ಮೇಲೆತ್ತಿ ತುದಿ ಮಾತ್ರ ಟಕಟಕ ಆಡಿಸುತ್ತಾ ಮೈ ಬಿಗಿ ಹಿಡಿದು ನಿಂತರೆ ಅದು ಸ್ನೇಹ ಅಲ್ಲ, ಹಿಂದೆ ಸರಿ. ಬಾಲ ಅಲ್ಲಾಡಿಸಿತು, ಆಮೇಲೆ ಕಚ್ಚಿತು ಅಂತ ಆಸ್ಪತ್ರೆಗೆ ಬಂದವರು ಒಬ್ಬರಾ ಇಬ್ಬರಾ. ಬೊಗಳುವ ನಾಯಿ ಕಚ್ಚಲ್ಲ ಅನ್ನುವ ಗಾದೆಯನ್ನೂ ಬಹಳ ನಂಬಬೇಡ.

ಬ್ಯಾಗಿನಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡು ಹೋಗು, ಸ್ವಲ್ಪ ದೂರದಲ್ಲಿ ಕೈ ಜಾರಿದ ಹಾಗೆ ಬೀಳಿಸು. ಬೆಚ್ಚುವುದು ಸಹಜ, ಬೆಚ್ಚಲಿ. ಎಷ್ಟು ಬೇಗ ಸುಧಾರಿಸಿಕೊಂಡು ವಾಪಸ್ ಬರುತ್ತದೆ ಅನ್ನುವುದನ್ನು ನೋಡು. ಮೂಲೆ ಸೇರಿ ನಡುಗುತ್ತಾ ಬರಲೇ ಇಲ್ಲ ಅಂದರೆ ನಿಮ್ಮ ಮನೆ ಪಕ್ಕದ ಕಲ್ಯಾಣ ಮಂಟಪದ ಓಲಗ ಅದಕ್ಕೆ ನರಕ.

ಎಲ್ಲಕ್ಕಿಂತ ಮುಖ್ಯ, ನಿಮ್ಮತ್ತೆಯವರನ್ನು ಕೋಲಿನ ಸಮೇತ ಕರೆದುಕೊಂಡು ಹೋಗು. ಬೀದಿಯಲ್ಲಿ ಬೆಳೆದ ನಾಯಿ ಕೋಲಿನ ಏಟು ತಿಂದೇ ಇರುತ್ತದೆ. ಕೋಲು ಕಂಡ ಕೂಡಲೇ ಕೆಲವು ನೆಲಕ್ಕೆ ಅಂಟಿಕೊಳ್ಳುತ್ತವೆ, ಕೆಲವು ಹಲ್ಲು ತೋರಿಸುತ್ತವೆ. ಅವರು ಕೋಲೂರಿಕೊಂಡು ಮಾಮೂಲಿನಂತೆ ಅಡ್ಡಾಡಲಿ. ಹೆದರಿದರೂ ಹತ್ತಿರ ಬಂದು ಕೋಲು ಮೂಸುವ ನಾಯಿ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ. ಗುರ್ ಅಂದರೆ ಅದು ಎಷ್ಟೇ ಒಳ್ಳೆಯದಿರಲಿ, ನಿಮ್ಮ ಮನೆಯದಲ್ಲ. ಹಗಲೆಲ್ಲ ಅವರಿಬ್ಬರೇ ಇರಬೇಕಲ್ವಾ?

ಮುರಿದ ಕಾಲಿನ ಬಗ್ಗೆ ಅಲ್ಲಿನ ಡಾಕ್ಟರನ್ನು ನೇರವಾಗಿ ಕೇಳು. ದಿನಕ್ಕೆ ಮೂರು ಸಲ ಮಹಡಿ ಮೆಟ್ಟಿಲು ಹತ್ತಿ ಇಳಿಯಬಹುದಾ? ಉಣ್ಣಿ ಜ್ವರ ಬಂದಿತ್ತಾ? ರಕ್ತ ಪರೀಕ್ಷೆ ಮಾಡಿಸಿದ್ದಾರಾ? ಮೆಟ್ಟಿಲನ್ನೇ ಹತ್ತಿ ಗೊತ್ತಿಲ್ಲದ ನಾಯಿಗಳು ಇರುತ್ತವೆ, ಅದನ್ನು ಬೇಕಾದರೆ ಕಲಿಸಬಹುದು. ದತ್ತು ಕೊಡುವವರು ನಿನಗೆ ನೂರೆಂಟು ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಏನೂ ಕೇಳದೆ ಕೈಗೆ ಕೊಟ್ಟು ಕಳಿಸುವವರ ಮೇಲೆ ಅನುಮಾನ ಪಡು.

ಓನರ್ ಹತ್ತಿರ ಈಗಲೇ ಮಾತಾಡು, ಕದ್ದುಮುಚ್ಚಿ ತರಬೇಡ. ನಾಯಿ ಸಾಕಬಾರದು ಅಂತ ಅಪಾರ್ಟ್‌ಮೆಂಟ್ ಸಂಘದವರು ನಿಷೇಧ ಹಾಕುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯವರು ಹೇಳಿದ್ದಾರೆ. ಆದರೆ ಹನ್ನೊಂದು ತಿಂಗಳ ಅಗ್ರಿಮೆಂಟಿನ ಮನೆಯಲ್ಲಿ ಕಾನೂನು ಮಾತಾಡಿ ಗೆದ್ದು ಏನು ಮಾಡುತ್ತೀಯ, ಹನ್ನೆರಡನೇ ತಿಂಗಳು ಖಾಲಿ ಮಾಡಿ ಅಂತಾರೆ. ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ನಾಯಿ ಹನ್ನೆರಡು ಹದಿಮೂರು ವರ್ಷ ಬದುಕುತ್ತದೆ, ಇದಕ್ಕೆ ಇನ್ನೂ ಹತ್ತು ವರ್ಷ ಇದೆ. ಅಷ್ಟರಲ್ಲಿ ನಿಮಗೆ ಮಕ್ಕಳಾಗಬಹುದು, ವರ್ಗ ಆಗಬಹುದು. ಆಗಲೂ ಇದು ನಿಮ್ಮ ಜೊತೇಲೇ ಬರುತ್ತದಾ? ಗಂಡ ಹೆಂಡತಿ ಒಂದು ರಾತ್ರಿ ಕೂತು ಮಾತಾಡಿ.

ಸರಿ ಹೋದರೂ ದಸರಾ ಗಲಾಟೆಯಲ್ಲಿ ತರಬೇಡ, ದೀಪಾವಳಿ ಕಳೆಯಲಿ. ದಸರಾ ಆನೆಗಳಿಗೂ ಕುದುರೆಗಳಿಗೂ ಮುಂಚೆಯೇ ಕುಶಾಲತೋಪು ಹಾರಿಸಿ ಸದ್ದು ಅಭ್ಯಾಸ ಮಾಡಿಸುತ್ತಾರೆ. ನಿನ್ನ ನಾಯಿಗೆ ಪಕ್ಕದ ಮನೆ ಹುಡುಗ ಹಚ್ಚುವ ಆನೆ ಪಟಾಕಿ ಯಾರು ಅಭ್ಯಾಸ ಮಾಡಿಸುತ್ತಾರೆ? ಹೊಸ ಮನೆ, ಹೊಸ ಜನ, ಮೇಲೆ ಪಟಾಕಿ. ಬಾಗಿಲು ತೆರೆದಿದ್ದರೆ ಓಡಿಹೋಗುತ್ತದೆ, ದಾರಿ ಗೊತ್ತಿಲ್ಲ, ವಾಪಸ್ ಬರಲ್ಲ. ಅಲ್ಲೀತನಕ ಭಾನುವಾರ ಭಾನುವಾರ ಹೋಗಿ ಮಾತಾಡಿಸಿಕೊಂಡು ಬಾ. ತಂದ ಮೇಲೆ ಮೊದಲ ಮೂರು ದಿನ ಮಂಚದ ಕೆಳಗೆ ಸೇರಿಕೊಳ್ಳಬಹುದು, ಊಟ ಬಿಡಬಹುದು. ಎಳೆಯಬೇಡಿ, ನೆಂಟರನ್ನು ಕರೆದು ತೋರಿಸಬೇಡಿ. ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ಕಲಿಯುತ್ತದೆ. ನಿಜವಾದ ಗುಣ ಗೊತ್ತಾಗೋಕೆ ಮೂರು ತಿಂಗಳಾದರೂ ಬೇಕು. ಊಟದ ವಿಷಯ ಬಂದಾಗ ಹೇಳುತ್ತೇನೆ. ಈಗ ಇಷ್ಟು ಸಾಕು: ಮುದ್ದೆ, ಅನ್ನ, ಮೊಟ್ಟೆ ಪರವಾಗಿಲ್ಲ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಬೇಡ.

ಯಾರಿಗೇ ಆಗಲಿ ಹಲ್ಲು ತಾಗಿದರೆ, ಗೀರಿದರೂ ಸರಿ, ಸೋಪು ಹಾಕಿ ನಲ್ಲಿ ಕೆಳಗೆ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಹಚ್ಚಬಾರದು. ಇದರಲ್ಲಿ ಮಾತ್ರ ಉದಾಸೀನ ಬೇಡ.

ಈ ಶನಿವಾರ ಹೋಗುವುದಾದರೆ ಶುಕ್ರವಾರ ರಾತ್ರಿಯೇ ಫೋನ್ ಮಾಡು, ಬೆಳಗಿನ ಟ್ರೈನಿಗೆ ನಾನೂ ಬರುತ್ತೇನೆ. ಸ್ಟೇಷನ್ನಿಗೆ ಅಳಿಯಂದಿರು ಬರುವುದು ಬೇಡ, ಆಟೋ ಹಿಡಿದು ಮನೆಗೇ ಬರುತ್ತೇನೆ. ನಿಮ್ಮತ್ತೆಯವರಿಗೆ ಹಳೇ ಸೀರೆ ಉಟ್ಟುಕೊಳ್ಳೋಕೆ ಹೇಳು. ರಾಟ್‌ವೀಲರ್ ಬಗ್ಗೆ ಬರೆದದ್ದನ್ನು ಅಳಿಯಂದಿರಿಗೆ ಓದಿ ಹೇಳಬೇಡ, ನಾನೇ ಬಂದು ಮಾತಾಡುತ್ತೇನೆ.

ಇಂತಿ,
ನಿನ್ನ ಮಾವ