ಯಾಕೆ ಕೂಗಲಿಲ್ಲ ಎಂದು ಕೇಳುವ ಮುಂಚೆ

ಮಾನ್ಯ ಸಂಪಾದಕರೆ,

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರು ಫೊರೆನ್ಸಿಕ್ ಸೈಕಾಲಜಿ (ಕೋರ್ಟು ಕೇಸುಗಳಿಗೆ ಬೇಕಾಗುವ ಮನೋವಿಜ್ಞಾನ) ಎಂಎಸ್ಸಿ ಬಗ್ಗೆ ವಿಚಾರಿಸುವುದು ಜಾಸ್ತಿಯಾಗಿದೆ. ಸುಳ್ಳು ಹೇಳುವವನನ್ನು ಮಷೀನಿಗೆ ಕೂರಿಸಿ ಹಿಡಿಯುವ ಕೆಲಸ ಇದು ಅಂತ ಹೆಚ್ಚಿನವರ ಲೆಕ್ಕ. ಅವರನ್ನು ದೂರಿ ಏನು ಪ್ರಯೋಜನ? ನಕಲಿ ಛಾಪಾಕಾಗದ ಹಗರಣದ ತೆಲಗಿಯ ನಾರ್ಕೋ ಪರೀಕ್ಷೆಯನ್ನು (ಮಂಪರು ಬರುವ ಔಷಧಿ ಕೊಟ್ಟು ಪ್ರಶ್ನೆ ಕೇಳುವುದು) ಟಿವಿಯಲ್ಲಿ ಕೂತು ನೋಡಿದವರು ನಾವು. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳುಪತ್ತೆ ಯಂತ್ರ), ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಅದೂ ನಮ್ಮ ರಾಜ್ಯದ ಹೆಸರಿರುವ ಸೆಲ್ವಿ ಪ್ರಕರಣದಲ್ಲಿ. ಮೋಹ ಮಾತ್ರ ಹೋಗಿಲ್ಲ.

ನಾನು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳ ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಈ ವಿದ್ಯಾರ್ಥಿಗಳಿಗೆ ಟ್ರಾಮಾ ಚಿಕಿತ್ಸೆಯನ್ನು, ಅಂದರೆ ಆಘಾತದಿಂದ ಮನಸ್ಸಿಗಾದ ಗಾಯಕ್ಕೆ ಕೊಡುವ ಚಿಕಿತ್ಸೆಯನ್ನು, ಕಡ್ಡಾಯವಾಗಿ ಕಲಿಸಬೇಕು ಅನ್ನುವುದು ನನ್ನ ಮಾತು. 'ಚಿಕಿತ್ಸೆ ಕ್ಲಿನಿಕಲ್ ಸೈಕಾಲಜಿಯವರ ಕೆಲಸ, ನಮ್ಮದು ವರದಿ ಬರೆಯುವುದಷ್ಟೇ' ಎನ್ನುವವರಿದ್ದಾರೆ. ಆದರೆ ಆ ವರದಿಯೇ ಎಡವುವುದು ಇಲ್ಲಿ.

ಹುಡುಗಿಯೊಬ್ಬಳು 'ಕೈಕಾಲೇ ಬರಲಿಲ್ಲ' ಅಂತಾಳೆ. ಪಾಟೀಸವಾಲಿನಲ್ಲಿ 'ಪಕ್ಕದಲ್ಲೇ ಮನೆಗಳಿದ್ದವು, ಯಾಕೆ ಕೂಗಲಿಲ್ಲ?' ಎಂದು ಕೇಳುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೊಳಗಾಗಿ ತುರ್ತು ಕ್ಲಿನಿಕ್ಕಿಗೆ ಬಂದ 298 ಹೆಂಗಸರ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಸುಮಾರು ಶೇ 70ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಮೈ ಸೆಟೆದು ಅಲುಗಾಡದಂತಾಗಿತ್ತು. ಹಾಗಾದವರಲ್ಲೇ ಆರು ತಿಂಗಳ ನಂತರ ಪಿಟಿಎಸ್‌ಡಿ (ಆಘಾತದ ನಂತರವೂ ಕಾಡುವ ಮಾನಸಿಕ ತೊಂದರೆ) ಹೆಚ್ಚು ಕಂಡಿತು. ಪರೀಕ್ಷೆಗೆ ಇದನ್ನು ಓದಿ ಬರೆಯುವುದು ಸುಲಭ. ಎದುರಿಗೆ ಕೂತ ಮಗು ನಗುತ್ತಾ, ಏನೂ ಆಗಿಲ್ಲವೆಂಬಂತೆ, ಹಿಂದುಮುಂದಾಗಿ ಹೇಳುವಾಗ ಅದನ್ನು ಗುರುತಿಸುವುದೇ ಕಷ್ಟ. ಮೊದಲು ಗೋಡೆಯ ಬಣ್ಣ ಹೇಳುತ್ತದೆ. ಮುಂದಿನ ವಾರ ಒಂದು ವಾಸನೆ. ಯಾವುದರ ನಂತರ ಯಾವುದು ಅನ್ನುವುದು ಎಷ್ಟೋ ದಿನ ಬರುವುದೇ ಇಲ್ಲ. ಚಿಕಿತ್ಸೆಯ ಕೋಣೆಯಲ್ಲಿ ಕೂತು ಇದನ್ನು ಕಂಡವರು 'ಹೇಳಿಕೆಯಲ್ಲಿ ಹೊಂದಾಣಿಕೆ ಇಲ್ಲ' ಎಂದು ಒಂದೇ ಸಾಲಿನಲ್ಲಿ ಷರಾ ಬರೆಯುವುದಿಲ್ಲ. ತಡವರಿಸಿದ್ದೆಲ್ಲ ನಿಜ ಅಂತಲೂ ನಾನು ಹೇಳುತ್ತಿಲ್ಲ. ತಡವರಿಕೆಯಿಂದ ಸುಳ್ಳು ನಿಜ ಎರಡನ್ನೂ ತೀರ್ಮಾನಿಸಲಾಗದು.

ಮನೋವಿಜ್ಞಾನಿ ಎಡ್ನಾ ಫೋವಾ ಅವರ ದೀರ್ಘ ಎಕ್ಸ್‌ಪೋಷರ್ ಚಿಕಿತ್ಸೆಯಾಗಲಿ (ಭಯದ ನೆನಪನ್ನು ಸುರಕ್ಷಿತವಾಗಿ ಮತ್ತೆ ಮತ್ತೆ ಎದುರಿಸುವುದು), ಮನೋವಿಜ್ಞಾನಿ ಪೆಟ್ರೀಷಿಯಾ ರೆಸಿಕ್ ಅವರ ಸಿಪಿಟಿಯಾಗಲಿ (ಘಟನೆಯ ಬಗ್ಗೆ ಮನಸ್ಸಿನಲ್ಲಿ ಕೂತ ತಪ್ಪು ಯೋಚನೆಗಳನ್ನು ತಿದ್ದುವುದು), ಅತ್ಯಾಚಾರ ಸಂತ್ರಸ್ತರ ಜೊತೆ ಕೆಲಸ ಮಾಡುತ್ತಲೇ ಬೆಳೆದವು. ಸಿಪಿಟಿ ಸಾಮಾನ್ಯವಾಗಿ 12 ಭೇಟಿಗಳದ್ದು. ಪಿಪಿಟಿ ತೋರಿಸಿ ಕಲಿಸುವ ವಿಷಯವಲ್ಲ ಇದು. ವಿದ್ಯಾರ್ಥಿ ಒಂದಾದರೂ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಬೇಕು, ಅನುಭವಿಗಳು ಪ್ರತಿ ವಾರ ಜೊತೆ ಕೂತು ತಿದ್ದಬೇಕು. ಕಲಿಯುವವರಿಗೂ ರಾತ್ರಿ ನಿದ್ದೆ ಹಾರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಜಾಗ ಇರಬೇಕು, ಇಲ್ಲದಿದ್ದರೆ ಒಳ್ಳೆಯವರೇ ಮೊದಲು ಕೆಲಸ ಬಿಡುತ್ತಾರೆ.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ಸಾಕ್ಷಿ ಹೇಳುವ ಮುಂಚೆ ಚಿಕಿತ್ಸೆ ಕೊಟ್ಟರೆ 'ಕೌನ್ಸೆಲರ್ ಹೇಳಿಕೊಟ್ಟಿದ್ದಾರೆ' ಎಂಬ ಆರೋಪ ಕಾದಿರುತ್ತದೆ. ಇದು ಸುಮ್ನೆ ಹುಟ್ಟಿದ ಅನುಮಾನವಲ್ಲ. ಅಮೆರಿಕದಲ್ಲಿ 1980-90ರ ದಶಕಗಳಲ್ಲಿ ಉತ್ತರ ಬಾಯಿಗಿಡುವಂಥ ಪ್ರಶ್ನೆಗಳಿಂದ ಮಕ್ಕಳ ಹೇಳಿಕೆ ಕೆಟ್ಟು, ಜೈಲಿಗೆ ಹೋದವರ ಶಿಕ್ಷೆ ಆಮೇಲೆ ರದ್ದಾದದ್ದಿದೆ. ಹಾಗಂತ ಚಿಕಿತ್ಸೆಯನ್ನೇ ಮುಂದೂಡುವುದೇ? ಪೋಕ್ಸೊ ಕಾಯ್ದೆಯ 35ನೇ ಸೆಕ್ಷನ್ ವಿಚಾರಣೆಯನ್ನು ಸಾಧ್ಯವಾದಷ್ಟು ಒಂದು ವರ್ಷದಲ್ಲಿ ಮುಗಿಸಿ ಎನ್ನುತ್ತದೆ. ಮುಗಿಯುತ್ತದಾ? ಅಲ್ಲಿಯವರೆಗೂ ಮಗು ದಿನಾ ರಾತ್ರಿ ಬೆಚ್ಚಿ ಏಳುತ್ತಿರಬೇಕಾ? ಕೇಸಿನ ಕಾರಣಕ್ಕೆ ಚಿಕಿತ್ಸೆ ತಡ ಮಾಡಬೇಡಿ ಎಂದು ಇಂಗ್ಲೆಂಡಿನ ಪ್ರಾಸಿಕ್ಯೂಷನ್ ಇಲಾಖೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೇಗೆ ಕೇಳಬೇಕು, ಏನು ಬರೆದಿಡಬೇಕು, ಕೋರ್ಟ್ ಕೇಳಿದರೆ ಆ ಟಿಪ್ಪಣಿ ಹೇಗಿರಬೇಕು, ಇದನ್ನೆಲ್ಲ ಕಲಿಸಲು ಫೊರೆನ್ಸಿಕ್ ತರಗತಿಗಿಂತ ತಕ್ಕ ಜಾಗ ಇಲ್ಲ.

ಚಿಕಿತ್ಸೆ ಕೊಟ್ಟವರೇ ಅದೇ ಮಗುವಿನ ಬಗ್ಗೆ ಕೋರ್ಟಿಗೆ ತಜ್ಞ ವರದಿ ಬರೆಯಬಾರದು ಅನ್ನುವುದು ಪುಸ್ತಕದ ನಿಯಮ. ಸರಿಯಾದ ನಿಯಮವೇ. ತಾಲ್ಲೂಕಿನಲ್ಲಿ ಇರುವವರು ಒಬ್ಬರೇ ಆದಾಗ ಏನು ಮಾಡಬೇಕು ಅನ್ನುವುದನ್ನೂ ಪಠ್ಯ ಹೇಳಬೇಕಲ್ವಾ? ಜೈಲಿನ ಒಳಗೂ ಇದೇ ಪ್ರಶ್ನೆ ಇದೆ. ಅಲ್ಲಿರುವ ಎಷ್ಟೋ ಮಂದಿ ಬಾಲ್ಯದಲ್ಲಿ ತಾವೇ ಏಟು ತಿಂದವರು. ಅವರಿಗೆ ಚಿಕಿತ್ಸೆ ಕೊಡುವವರು ಯಾರು, ವರದಿ ಬರೆಯುವವರು ಯಾರು?

ಫೊರೆನ್ಸಿಕ್ ಸೈಕಾಲಜಿ ಕಲಿಸುವ ಸಂಸ್ಥೆಗಳು ಪಠ್ಯ ಸಮಿತಿಯಲ್ಲಿ ಪೋಕ್ಸೊ ನ್ಯಾಯಾಲಯದ ಒಬ್ಬ ಸರ್ಕಾರಿ ವಕೀಲರನ್ನೂ, ಇಂಥ ಮಕ್ಕಳಿಗೆ ದಿನವೂ ಚಿಕಿತ್ಸೆ ಕೊಡುವ ಒಬ್ಬರನ್ನೂ ಕೂರಿಸಲಿ. ಪಾಲಿಗ್ರಾಫ್ ಲ್ಯಾಬಿಗೆ ಕೊಡುವಷ್ಟು ಗಂಟೆಗಳನ್ನಾದರೂ ಇದಕ್ಕೆ ಕೊಡಲಿ.

ಇಂತಿ,
ಒಬ್ಬ ಆಪ್ತಸಮಾಲೋಚಕಿ, ಧಾರವಾಡ