ಚೇರ್‌ಲಿಫ್ಟ್ ಮೇಲೆ ಸಿಗರೇಟ್ ಬೇಡ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಸ್ಕೀ ತಾಣಗಳಿಗೆ ಪರವಾನಗಿ ಕೊಡುವ ಇಲಾಖೆ ನಿಮ್ಮದು. ಲಿಫ್ಟ್ ಓಡಿಸುವವರು ಯಾವ ಷರತ್ತಿಗೆ ಒಪ್ಪಿ ಸಹಿ ಹಾಕಬೇಕು ಅನ್ನುವುದನ್ನು ತೀರ್ಮಾನಿಸುವವರು ನೀವು. ಅದಕ್ಕೇ ಈ ಪತ್ರ ನಿಮಗೆ. ನಾನು ಕೇಳುತ್ತಿರುವುದು ಇಷ್ಟೇ. ಸ್ಕೀ ಮಾಡುವವರನ್ನು ತಂತಿಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟ್ ಮೇಲೆ ಮತ್ತು ಅದರ ಕ್ಯೂನಲ್ಲಿ ಸಿಗರೇಟ್ ಸೇದುವುದನ್ನು ನಿಲ್ಲಿಸಿ. ಸೇದುವವರಿಗೆ ಲಿಫ್ಟಿನ ಕೆಳಗಿನ ತುದಿಯಲ್ಲೂ ಮೇಲಿನ ತುದಿಯಲ್ಲೂ ಒಂದೊಂದು ಸರಿಯಾದ ಜಾಗ ಮಾಡಿಸಿ ಕೊಡಿ.

ಇಷ್ಟು ಸಣ್ಣ ವಿಷಯಕ್ಕೆ ಸಚಿವರಿಗೆ ಪತ್ರ ಬರೀಬೇಕಾ ಎಂದು ಕೆಲವರಿಗೆ ಅನ್ನಿಸಬಹುದು. ಹಿಮ ಕರಗುವ ಹೊತ್ತಿನಲ್ಲಿ ಒಂದು ಸಲ ಲಿಫ್ಟಿನ ತಂತಿಯ ಕೆಳಗೆ ನಡೆದು ನೋಡಿದವರಿಗೆ ಹಾಗನ್ನಿಸುವುದಿಲ್ಲ.

ಚಳಿಗಾಲದಲ್ಲಿ ಅಲ್ಲಿ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬಿದ್ದ ಸಿಗರೇಟ್ ತುಂಡಿನ ಮೇಲೆ ಸಂಜೆ ಹಿಮ ಬೀಳುತ್ತದೆ. ಹಿಮ ಬೀಳದಿದ್ದರೂ ಅದು ಮರೆಯಾಗುತ್ತದೆ. ತಾಜಾ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ರಿಂದ 90ರಷ್ಟನ್ನು ವಾಪಸ್ ಕಳಿಸಿಬಿಡುತ್ತದೆ. ಬೂದಿ ಹತ್ತಿದ ಕಂದು ತುಂಡು ಹಾಗಲ್ಲ. ಅದು ಬಿಸಿಲನ್ನು ಹೀರಿಕೊಂಡು ಬಿಸಿಯಾಗುತ್ತದೆ, ಸುತ್ತಲಿನ ಹಿಮವನ್ನು ಕರಗಿಸಿ ತಾನೇ ಒಂದು ಗುಳಿ ಮಾಡಿಕೊಂಡು ಕೆಳಗಿಳಿಯುತ್ತದೆ. ರಾತ್ರಿ ಇಳಿಜಾರನ್ನು ಸಮ ಮಾಡುವ ಯಂತ್ರ ಬಂದಾಗ ಉಳಿದದ್ದನ್ನೂ ಹಿಮದ ಜೊತೆ ಕಲಸಿಹಾಕುತ್ತದೆ. ಮಾರನೇ ದಿನ ಬೆಳಿಗ್ಗೆ ಬೆಟ್ಟವೆಲ್ಲ ಬೆಳ್ಳಗೆ, ಚೊಕ್ಕವಾಗಿರುತ್ತದೆ. ಎಸೆದವರಿಗೆ ತಾವು ಎಸೆದದ್ದು ಮತ್ತೆ ಕಣ್ಣಿಗೆ ಬೀಳುವುದೇ ಇಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ.

ಬೇಸಿಗೆ ಹತ್ತಿರವಾದಾಗ ಅಷ್ಟೂ ಒಟ್ಟಿಗೆ ಮೇಲೆ ಬರುತ್ತವೆ. ಪಕ್ಕದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೆ, ಕಂಬದಿಂದ ಕಂಬಕ್ಕೆ ತಂತಿ ಹೋದ ದಾರಿಯಲ್ಲಿ ಕಾಲಿಟ್ಟಲ್ಲೆಲ್ಲ ಸಿಗುತ್ತವೆ. ಬಗ್ಗಿ ಒಂದನ್ನು ಎತ್ತಿಕೊಂಡು ನೋಡಿ. ಕಾಗದ ಬಿಟ್ಟುಹೋಗಿರುತ್ತದೆ. ತಂಬಾಕಿನ ಚೂರು ನೀರಲ್ಲಿ ಕೊಚ್ಚಿಹೋಗಿರುತ್ತದೆ. ಫಿಲ್ಟರ್ ಮಾತ್ರ ಊದಿಕೊಂಡು, ಹಳದಿಗಟ್ಟಿ ಹಾಗೇ ಇರುತ್ತದೆ. ಅದನ್ನು ನೆಲದಿಂದ ಬಿಡಿಸಿ ತೆಗೆಯಲು ಹೋದರೆ ಎಳೆ ಎಳೆಯಾಗಿ ಹುಲ್ಲಿನ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಗುಡಿಸಿದರೆ ಬರುವುದಿಲ್ಲ, ಒಂದೊಂದನ್ನೇ ಕೈಯಲ್ಲಿ ಆರಿಸಬೇಕು. ಅದೂ ಕಡಿದಾದ ಇಳಿಜಾರಿನಲ್ಲಿ, ಕೆಸರಿನಲ್ಲಿ ನಿಂತುಕೊಂಡು.

ಆ ಫಿಲ್ಟರ್ ಹತ್ತಿಯದ್ದು, ಸುಮ್ನೆ ಮಣ್ಣಾಗಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಹತ್ತಿಯಲ್ಲ. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಒಂದೊಂದು ಫಿಲ್ಟರಿನಲ್ಲೂ 12,000ಕ್ಕಿಂತ ಜಾಸ್ತಿ ಸಣ್ಣ ಎಳೆಗಳಿರುತ್ತವೆ. ಬೆಟ್ಟದ ಮೇಲಿನ ಚಳಿಯಲ್ಲಿ ಎಲೆ ಕೊಳೆಯುವುದೇ ನಿಧಾನ, ಇನ್ನು ಇದರ ಮಾತೇನು! ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ಫಿಲ್ಟರ್‌ಗಳು ಹೀಗೆ ನೆಲ, ನೀರು ಸೇರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸ್ಕೀ ತಾಣಗಳ ಪಾಲು ಅದರಲ್ಲಿ ಸಣ್ಣದೇ ಇರಬಹುದು. ಆದರೆ ಅದು ಬೀಳುವ ಜಾಗ ಎಂಥದ್ದು ನೋಡಿ. ರೈನ್, ರೋನ್, ಪೋ ನದಿಗಳು ಹುಟ್ಟುವುದು ಆಲ್ಪ್ಸ್‌ನಲ್ಲಿ. ಬೇರೆ ಬೆಟ್ಟಗಳಲ್ಲೂ ಅಷ್ಟೇ. ಸ್ಕೀ ಮಾಡುವ ಜಾಗ ಅಂದರೆ ಹೊಳೆಯ ತಲೆ. ಕೆಳಗಿನ ಊರುಗಳು ಕುಡಿಯುವ ನೀರು ಅಲ್ಲಿಂದ ಬರುತ್ತದೆ. ಬೇಸಿಗೆಯಲ್ಲಿ ಅದೇ ಇಳಿಜಾರಿನಲ್ಲಿ ದನ ಮೇಯುತ್ತವೆ.

ಫಿಲ್ಟರ್ ಹಿಡಿದಿಟ್ಟುಕೊಂಡ ವಿಷ ನೀರಿಗೆ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಸೇದಿ ಎಸೆದ ತುಂಡುಗಳನ್ನು ನೀರಿನಲ್ಲಿಟ್ಟು ಬರ್ಲಿನ್‌ನ ಸಂಶೋಧಕರು ನೋಡಿದಾಗ, ಅದರಲ್ಲಿದ್ದ ನಿಕೋಟಿನ್‌ನ ಅರ್ಧದಷ್ಟು ಮೊದಲ ಅರ್ಧ ಗಂಟೆಯೊಳಗೇ ನೀರಿಗೆ ಬಂದಿತ್ತು. ಒಂದೇ ತುಂಡಿನ ನಿಕೋಟಿನ್ 1,000 ಲೀಟರ್ ನೀರನ್ನು ಜಲಜೀವಿಗಳಿಗೆ ಸುರಕ್ಷಿತ ಎನ್ನುವ ಮಟ್ಟದಿಂದ ಆಚೆ ದಾಟಿಸಬಲ್ಲದು ಎಂದು ಅವರು 2014ರಲ್ಲಿ ಲೆಕ್ಕ ಕೊಟ್ಟರು. ಅದಕ್ಕೂ ಮೊದಲು, 2011ರಲ್ಲಿ, ಸ್ಯಾನ್ ಡಿಯೇಗೊದ ಸಂಶೋಧಕರು ಮೀನುಗಳ ಮೇಲೆ ಪ್ರಯೋಗ ಮಾಡಿದ್ದರು. ಲೀಟರ್ ನೀರಿಗೆ ಸುಮಾರು ಒಂದು ತುಂಡು ನೆನೆಸಿದ ನೀರಿನಲ್ಲಿ ಮೀನುಗಳ ಪೈಕಿ ಅರ್ಧ ಸತ್ತುಹೋದವು. ಹೊಳೆಯಲ್ಲಿ ನೀರು ಹರಿಯುತ್ತಿರುತ್ತದೆ, ಪ್ರಯೋಗಶಾಲೆಯ ತೊಟ್ಟಿಯಷ್ಟು ಕೆಟ್ಟ ಸ್ಥಿತಿ ಇರುವುದಿಲ್ಲ, ನಿಜ. ಆದರೆ ಇಡೀ ಚಳಿಗಾಲದ ತುಂಡುಗಳು ಕೆಲವೇ ವಾರಗಳಲ್ಲಿ ಒಂದು ಸಣ್ಣ ತೊರೆಗೆ ಇಳಿಯುವುದು ಸ್ಕೀ ತಾಣದಲ್ಲಿ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತುಂಡುಗಳು ಲಿಫ್ಟಿನ ಕೆಳಗೇ ಯಾಕೆ ಜಾಸ್ತಿ? ಸ್ಕೀ ಮಾಡುವ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಇಳಿಯುವಾಗ ಎರಡೂ ಕೈಯಲ್ಲಿ ಕೋಲು, ಕೈಗೆ ದಪ್ಪ ಗ್ಲೌಸ್, ಕಣ್ಣೆಲ್ಲ ದಾರಿಯ ಮೇಲೆ. ಕೈಗೆ ಬಿಡುವು ಸಿಗುವುದು ಕುರ್ಚಿಯಲ್ಲಿ ಕೂತಾಗ. ಬೀಳದ ಹಾಗೆ ತಡೆಯುವ ಅಡ್ಡಪಟ್ಟಿ ಇಳಿಸಿ, ಕೋಲುಗಳನ್ನು ತೊಡೆಯಡಿ ಸಿಕ್ಕಿಸಿ, ಒಂದು ಗ್ಲೌಸ್ ಬಿಚ್ಚಿ ಲೈಟರ್ ತೆಗೆಯುತ್ತಾರೆ. ಗಾಳಿಗೆ ಅಂಗೈ ಅಡ್ಡ ಹಿಡಿದು ಹಚ್ಚುತ್ತಾರೆ. ಸೇದಿ ಮುಗಿಯುವ ಹೊತ್ತಿಗೆ ಮೇಲಿನ ಸ್ಟೇಷನ್ ಬಂದಿರುತ್ತದೆ. ಗ್ಲೌಸ್ ಹಾಕಬೇಕು, ಕೋಲು ಹಿಡಿಯಬೇಕು, ಅಡ್ಡಪಟ್ಟಿ ಎತ್ತಬೇಕು, ಸ್ಕೀ ತುದಿ ಮೇಲೆತ್ತಿ ಇಳಿಯಲು ತಯಾರಾಗಬೇಕು. ಬೆರಳಲ್ಲಿ ಇನ್ನೂ ಕೆಂಡ ಇದೆ. ನೈಲಾನ್ ಜಾಕೆಟ್ಟಿನ ಜೇಬಿಗೆ ಹಾಕುವ ಹಾಗಿಲ್ಲ. ಕೆಳಗೆ ಬಿಡುತ್ತಾರೆ.

ಇದು ಕೆಟ್ಟವರು ಮಾಡುವ ಕೆಲಸ ಅಂತ ನಾನು ಹೇಳುವುದಿಲ್ಲ. ಬೇರೆ ಕಡೆ ಕಸದ ಬುಟ್ಟಿ ಹುಡುಕಿಕೊಂಡು ಹೋಗುವ ಜನರೂ ಇಲ್ಲಿ ಕೈ ಬಿಡುತ್ತಾರೆ. ಜೇಬಿನಲ್ಲಿ ಮುಚ್ಚಳದ ಪುಟ್ಟ ಆಶ್‌ಟ್ರೇ ಇಟ್ಟುಕೊಳ್ಳುವವರೂ ಇದ್ದಾರೆ, ಅವರನ್ನು ಮೆಚ್ಚಬೇಕು. ಆದರೆ ಅಂಥವರು ಕಡಿಮೆ. ಉಳಿದವರ ಮಟ್ಟಿಗೆ, ಕುರ್ಚಿ ಮೇಲೆ ಹಚ್ಚಿದ ಸಿಗರೇಟ್ ಕೊನೆಗೆ ಹಿಮಕ್ಕೇ ಬೀಳುತ್ತದೆ. ಹಾಗಾಗಿ "ಎಸೆಯಬೇಡಿ" ಅಂತ ಬೋರ್ಡ್ ಹಾಕಿದರೆ ಸಾಲದು. "ಇಲ್ಲಿ ಹಚ್ಚಬೇಡಿ" ಅನ್ನಬೇಕು.

ಇನ್ನು ಪಕ್ಕದಲ್ಲಿ ಕೂತವರ ಮಾತು. ಬಯಲಲ್ಲಿ ಯಾರಾದರೂ ಸೇದಿದರೆ ನಾಲ್ಕು ಹೆಜ್ಜೆ ದೂರ ಹೋಗಬಹುದು. ಕುರ್ಚಿಯಿಂದ ಎಲ್ಲಿಗೆ ಹೋಗುವುದು? ಹಳೇ ಮಾದರಿಯ ಲಿಫ್ಟ್ ಸೆಕೆಂಡಿಗೆ ಹೆಚ್ಚೆಂದರೆ ಎರಡೂವರೆ ಮೀಟರ್ ಹೋಗುತ್ತದೆ. ತಂತಿ ಒಂದೂವರೆ ಕಿಲೋಮೀಟರ್ ಉದ್ದ ಇದ್ದರೆ 10 ನಿಮಿಷ ಆಯಿತು. ಗಾಳಿಗೆ ಲಿಫ್ಟ್ ನಿಂತರೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಹೊಗೆ ಮುಖಕ್ಕೇ. ಕಿಡಿ ಹಾರಿ ಜಾಕೆಟ್ಟಿಗೆ ತೂತು ಬಿದ್ದರೂ ಕೇಳುವವರಿಲ್ಲ. 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ. ಅಸ್ತಮಾ ಇರುವವರಿಗೆ ಒಣ ಚಳಿಗಾಳಿಯೇ ಎದೆ ಹಿಡಿಸುತ್ತದೆ. ಅದರ ಮೇಲೆ ಇದು.

"ಸೇದಿದರೆ ತೊಂದರೆ ಇಲ್ಲ ಅಲ್ವಾ?" ಎಂದು ಕೇಳಿಯೇ ಹಚ್ಚುವವರು ಇದ್ದಾರೆ. ಕೇಳುವುದು ಒಳ್ಳೆಯ ನಡತೆ, ಒಪ್ಪುತ್ತೇನೆ. ಆದರೆ ಆ ಪ್ರಶ್ನೆ ಬರುವುದು ಅಡ್ಡಪಟ್ಟಿ ಇಳಿದು, ಕಾಲು ನೆಲ ಬಿಟ್ಟ ಮೇಲೆ. ಗುರುತಿಲ್ಲದವರ ಪಕ್ಕ ಮೊಣಕೈಗೆ ಮೊಣಕೈ ತಾಗಿಸಿ ಕೂತು ಎಷ್ಟು ಜನ "ಬೇಡ" ಅನ್ನುತ್ತಾರೆ? ಬಹಳ ಮಂದಿ ಸಂಕೋಚಕ್ಕೆ ತಲೆಯಾಡಿಸುತ್ತಾರೆ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಮೇಲಿನ ಸ್ಟೇಷನ್ ಬರಲಿ ಅಂತ ಕಾಯುತ್ತಾರೆ.

ಮಕ್ಕಳಿಗಂತೂ ಕೇಳುವವರೇ ಇಲ್ಲ. ಸ್ಕೀ ಶಾಲೆಯ ಮಕ್ಕಳ ಗುಂಪು ಬಂದಾಗ ಒಬ್ಬ ಶಿಕ್ಷಕರು ಎಲ್ಲರ ಜೊತೆ ಕೂರಲು ಆಗುವುದಿಲ್ಲ. ಕ್ಯೂನಲ್ಲಿರುವ ದೊಡ್ಡವರನ್ನು "ಈ ಮಗುವನ್ನು ನಿಮ್ಮ ಜೊತೆ ಕೂರಿಸಿಕೊಳ್ತೀರಾ?" ಎಂದು ಕೇಳುತ್ತಾರೆ. ಎಷ್ಟೋ ತಾಣಗಳಲ್ಲಿ ಇದು ದಿನನಿತ್ಯದ ಪದ್ಧತಿ, ಒಳ್ಳೆಯ ಪದ್ಧತಿ ಕೂಡ. ಆದರೆ ಆ ದೊಡ್ಡವರು ಹಾದಿಯಲ್ಲಿ ಸಿಗರೇಟ್ ಹಚ್ಚಿದರೆ ಐದಾರು ವರ್ಷದ ಮಗು ಏನು ಹೇಳಲು ಸಾಧ್ಯ? ಸಚಿವರೇ, ನಿಯಮ ಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಲಿಫ್ಟ್ ಸಿಬ್ಬಂದಿಯನ್ನೂ ನೆನೆಸಿಕೊಳ್ಳಿ. ನಾವು ಕ್ಯೂನಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತೇವೆ. ಅವರು ಇಡೀ ದಿನ ಅಲ್ಲೇ ನಿಂತು ಒಂದೊಂದು ಕುರ್ಚಿಯನ್ನೂ ಕೈಯಲ್ಲಿ ತಡೆದು ಜನರನ್ನು ಕೂರಿಸುತ್ತಾರೆ. ಅದು ಅವರು ಕೆಲಸ ಮಾಡುವ ಜಾಗ.

"ಅದು ಬಯಲು ತಾನೇ, ಕಾನೂನು ಹೇಗೆ ತರುತ್ತೀರಿ" ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2005ರಿಂದ ಜಾರಿಯಲ್ಲಿದೆ, 180ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. ಅದರ 8ನೇ ವಿಧಿ ಒಳಾಂಗಣದ ಕೆಲಸದ ಜಾಗಗಳ ಜೊತೆಗೆ ಸಾರ್ವಜನಿಕ ಸಾರಿಗೆಯನ್ನೂ ಹೆಸರಿಟ್ಟು ಹೇಳುತ್ತದೆ, ಅಗತ್ಯ ಕಂಡಲ್ಲಿ ಬೇರೆ ಸಾರ್ವಜನಿಕ ಸ್ಥಳಗಳನ್ನೂ ಸೇರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಟಿಕೆಟ್ ತೆಗೆದುಕೊಂಡು, ಗೊತ್ತಾದ ದಾರಿಯಲ್ಲಿ, ಜನರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಚೇರ್‌ಲಿಫ್ಟ್ ಸಾರಿಗೆ ಅಲ್ಲದೆ ಮತ್ತೇನು? ತಂತಿಯಲ್ಲಿ ತೂಗುತ್ತಾ ಹೋಗುವ, ಬಾಗಿಲು ಮುಚ್ಚುವ ಪುಟ್ಟ ಕೋಣೆಯಂಥ ಗೊಂಡೊಲಾದಲ್ಲಿ ಸೇದುವ ಹಾಗಿಲ್ಲ ಅನ್ನುವುದನ್ನು ಎಲ್ಲರೂ ಒಪ್ಪಿದ್ದಾರೆ. ಗೋಡೆ ಇಲ್ಲ ಎಂಬ ಒಂದೇ ಕಾರಣಕ್ಕೆ ಕುರ್ಚಿಯನ್ನು ಹೊರಗಿಡಬೇಡಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಇಳಿಜಾರಿನ ನಡತೆಗೆ 10 ನಿಯಮಗಳನ್ನು ಮಾಡಿ ದಶಕಗಳೇ ಆದವು. ಬೇರೆಯವರಿಗೆ ಅಪಾಯವಾಗಲಿ ತೊಂದರೆಯಾಗಲಿ ಆಗದ ಹಾಗೆ ನಡೆದುಕೊಳ್ಳಿ ಅನ್ನುವುದೇ ಅದರಲ್ಲಿ ಮೊದಲನೆಯದು. ಸಿಗರೇಟಿನ ಮಾತು ಆ ಹತ್ತರಲ್ಲಿ ಎಲ್ಲೂ ಇಲ್ಲ. ಆ ಕೊರತೆಯನ್ನು ಪರವಾನಗಿಯ ಷರತ್ತಿನಲ್ಲಿ ನೀವು ತುಂಬಬಹುದು.

ಬರೀ ನಿಷೇಧ ಮಾಡಿ ಕೈ ತೊಳೆದುಕೊಂಡರೆ ಕೆಲಸ ಆಗುವುದಿಲ್ಲ. ಸೇದುವ ಚಟ ಇರುವವರು ಕುರ್ಚಿ ಬಿಟ್ಟು ಮರದ ಮರೆಗೆ ಹೋಗುತ್ತಾರೆ, ತುಂಡು ಅಲ್ಲಿ ಬೀಳುತ್ತದೆ. ಅದಕ್ಕೇ ಜಾಗ ಕೊಡಿ ಅನ್ನುತ್ತಿದ್ದೇನೆ. ಲಿಫ್ಟ್ ಹತ್ತುವ ಮುಂಚೆ ಒಂದು, ಇಳಿದ ಮೇಲೆ ಒಂದು. ಕ್ಯೂಗೂ ಹೋಟೆಲ್ ಬಾಗಿಲಿಗೂ ದೂರ, ಗಾಳಿ ಕಡಿಮೆ ಇರುವ ಕಡೆ, ಸ್ಕೀ ಬಿಚ್ಚದೆ ಹೋಗಿ ನಿಲ್ಲುವಂಥ ಸಮತಟ್ಟು ಜಾಗ. ಅಲ್ಲಿ ಮುಚ್ಚಳ ಇರುವ ಲೋಹದ ಡಬ್ಬಿ. ಎದೆಮಟ್ಟಕ್ಕೆ ಇರಲಿ, ಹಿಮದಲ್ಲಿ ಹೂತುಹೋಗದ ಹಾಗೆ ಕಂಬಕ್ಕೆ ಕಟ್ಟಿಸಿ. ದಿನಾ ಸಂಜೆ ಖಾಲಿ ಮಾಡುವ ಹೊಣೆ ಲಿಫ್ಟ್ ನಡೆಸುವವರದ್ದು. ತುಂಬಿ ತುಳುಕುವ ಡಬ್ಬಿ ಇದ್ದರೆ ಯಾರೂ ಹತ್ತಿರ ಹೋಗುವುದಿಲ್ಲ.

ತಪ್ಪಿದವರಿಗೆ ಏನು ಮಾಡುವುದು? ಅಪಾಯವಾಗುವ ಹಾಗೆ ಸ್ಕೀ ಮಾಡಿದವರ ಲಿಫ್ಟ್ ಪಾಸ್ ತಡೆಹಿಡಿಯುವ ಪದ್ಧತಿ ಹಲವು ಕಡೆ ಈಗಾಗಲೇ ಇದೆ. ಅದನ್ನೇ ಇಲ್ಲೂ ತನ್ನಿ. ಮೊದಲ ಸಲ ಹೇಳಿ ಬಿಡಲಿ, ಎರಡನೇ ಸಲ ಆ ದಿನದ ಪಾಸ್ ನಿಲ್ಲಿಸಲಿ. ಮೇಲಿನ ಸ್ಟೇಷನ್‌ನಲ್ಲಿ ನಿಂತ ಸಿಬ್ಬಂದಿಗೆ ಬರುವ ಕುರ್ಚಿಯಲ್ಲಿ ಯಾರು ಸೇದುತ್ತಿದ್ದಾರೆ ಅನ್ನುವುದು ಚೆನ್ನಾಗಿ ಕಾಣುತ್ತದೆ.

ಮಣ್ಣಲ್ಲಿ ಕರಗುವ ಫಿಲ್ಟರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ನೀರಿಗೆ ಸೇರುವ ವಿಷ ಬಂದದ್ದು ತಂಬಾಕಿನಿಂದ, ಹೊಗೆಯಿಂದ. ಕಾಗದದ ಫಿಲ್ಟರ್ ಕೂಡ ಅದನ್ನು ಹೀರಿಕೊಂಡೇ ಬಿದ್ದಿರುತ್ತದೆ. ವೇಪ್, ಅಂದರೆ ಇ-ಸಿಗರೇಟ್ ಉಪಕರಣಗಳೂ ಈ ನಿಯಮದೊಳಗೇ ಬರಲಿ. ಬ್ಯಾಟರಿ ಇರುವ ಪ್ಲಾಸ್ಟಿಕ್ ಕೊಳವೆ ಕುರ್ಚಿಯಿಂದ ಜಾರಿ ಹಿಮಕ್ಕೆ ಬಿದ್ದರೆ ಇನ್ನೂ ಕಷ್ಟ.

ಖರ್ಚು ಯಾರದ್ದು ಎಂಬ ಪ್ರಶ್ನೆಗೂ ದಾರಿ ಇದೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ಮಾಡಿದ ಪ್ಲಾಸ್ಟಿಕ್ ನಿಯಮದ ಪ್ರಕಾರ, ಫಿಲ್ಟರ್ ಇರುವ ಸಿಗರೇಟ್ ಮಾರುವ ಕಂಪನಿಗಳೇ ಸಾರ್ವಜನಿಕ ಜಾಗಗಳಲ್ಲಿ ಬಿದ್ದ ತುಂಡು ಎತ್ತುವ ಖರ್ಚನ್ನು ಭರಿಸಬೇಕು. 2023ರ ಜನವರಿಯೊಳಗೆ ಸದಸ್ಯ ದೇಶಗಳು ಇದನ್ನು ಜಾರಿಗೆ ತರಬೇಕಿತ್ತು. ಅಂಥ ಹಣ ಬರುವ ಕಡೆ ಬೆಟ್ಟದ ಊರುಗಳಿಗೂ ಪಾಲು ಕೇಳಿ ಕೊಡಿಸಿ. ಹಿಮ ಕರಗುತ್ತಾ ಬಂದ ಹಾಗೆ, ತುಂಡುಗಳು ತೊರೆಗೆ ಇಳಿಯುವ ಮುಂಚೆ, ಲಿಫ್ಟಿನ ಕೆಳಗಿನ ಜಾಗ ಆರಿಸುವ ಕೆಲಸಕ್ಕೆ ಕೂಲಿ ಕೊಡಲು ಅದು ಬೇಕಾಗುತ್ತದೆ. ಈಗ ಅದನ್ನು ಹೆಚ್ಚಾಗಿ ಸ್ವಯಂಸೇವಕರು ಮಾಡುತ್ತಾರೆ, ಪುಣ್ಯಾತ್ಮರು. ಆದರೆ ಪ್ರತಿ ವರ್ಷ ಅವರ ಮೇಲೇ ಹೊರೆ ಹಾಕುವುದು ನ್ಯಾಯವಲ್ಲ.

ಮುಂದಿನ ಸೀಸನ್‌ಗೆ ಲಿಫ್ಟ್‌ಗಳು ತೆರೆಯುವ ಮುಂಚೆ ಪರವಾನಗಿಯ ಕಾಗದಗಳು ಮತ್ತೆ ನಿಮ್ಮ ಮುಂದೆ ಬರುತ್ತವೆ. ಕುರ್ಚಿಯಲ್ಲೂ ಕ್ಯೂನಲ್ಲೂ ಸೇದುವಂತಿಲ್ಲ, ಎರಡೂ ತುದಿಯಲ್ಲಿ ಜಾಗ ಮತ್ತು ಡಬ್ಬಿ ಇರಬೇಕು, ಹಿಮ ಕರಗುವ ಹೊತ್ತಿಗೆ ಲಿಫ್ಟಿನ ಕೆಳಗೆ ಸ್ವಚ್ಛ ಮಾಡಿಸಬೇಕು ಎಂಬ ಷರತ್ತುಗಳನ್ನು ಅದರಲ್ಲಿ ಸೇರಿಸುತ್ತೀರಾ? ಸೇರಿಸಲು ಆಗದಿದ್ದರೆ ಯಾಕೆ ಆಗದು ಎಂಬುದನ್ನಾದರೂ ಬಹಿರಂಗವಾಗಿಯೇ ತಿಳಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ವಂದನೆಗಳೊಂದಿಗೆ,
ಬೆಟ್ಟವನ್ನೂ ಹಿಮವನ್ನೂ ಪ್ರೀತಿಸುವ ಒಬ್ಬ ಸ್ಕೀಯರ್