ಬಿಟ್ಟಿ ಹೊತ್ತ ಶಿಲುಬೆ

ಪ್ರೀತಿಯ ಮಗಾ,

ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನದ ಉಪವಾಸ-ಪ್ರಾರ್ಥನೆಯ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ನೀನು ಕಳಿಸಿದ ಸಾಲನ್ನು ನಾಲ್ಕು ಸಲ ಓದಿದೆ. “ದೊಡ್ಡಮ್ಮ, ಅಮ್ಮ ಹಾಸಿಗೆ ಹಿಡಿದ ಮೇಲೆ ನಮ್ಮನೇಲಿ ವರ್ಷವಿಡೀ ತಪಸ್ಸು ಕಾಲವೇ. ಅದರ ಮೇಲೆ ಇನ್ನೂ 40 ದಿನ ಯಾಕೆ?” ಬೈಯಲು ಬಾಯಿ ಬರಲಿಲ್ಲ. ನಿನ್ನ ದೊಡ್ಡಪ್ಪನಿಗೆ ಮೂಗಿನ ಟ್ಯೂಬಿನಲ್ಲಿ ಗಂಜಿನೀರು ಬಿಡುತ್ತಿದ್ದ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ನೋಡಲು ಬಂದವರೊಬ್ಬರು “ದೇವರು ಬೇಕಾದವರಿಗೇ ಕಷ್ಟ ಕೊಡ್ತಾನೆ” ಅಂದರು. ಕಾಫಿ ಕೊಟ್ಟು ಕಳಿಸಿದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಹೆತ್ತವರೋ ಎಂದು ಕೇಳಿದಾಗ, ಯೇಸುಸ್ವಾಮಿ ಇಬ್ಬರೂ ಅಲ್ಲ ಎಂದರು. ನಿಮ್ಮಮ್ಮನ ಸ್ಟ್ರೋಕಿಗೂ ಯಾರ ಪಾಪದ ಲೆಕ್ಕವನ್ನೂ ತೆಗೆಯಬೇಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು, ಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆದು ಪ್ರಾರ್ಥಿಸುವ ಶಿಲುಬೆ ಹಾದಿಯ 5ನೇ ಸ್ಥಳ. ಸಿರೇನ್ಯದ ಸಿಮೋನ ಭಕ್ತಿಯಿಂದ ಮುಂದೆ ಬಂದವನಲ್ಲ. ಹಳ್ಳಿ ಕಡೆಯಿಂದ ಬರುತ್ತಿದ್ದ ದಾರಿಹೋಕ. ಸ್ವಾಮಿಯ ಶಿಲುಬೆ ಹೊರಲು ಸೈನಿಕರು ಅವನನ್ನು ಬಿಟ್ಟಿ ಹಿಡಿದರು. ಹೊರುವಾಗ ಎಷ್ಟು ಶಪಿಸಿದನೋ, ಯಾರೂ ಬರೆದಿಟ್ಟಿಲ್ಲ. ಆದರೆ ಶುಭಸಂದೇಶ ಬರೆದ ಮಾರ್ಕ ಅವನನ್ನು ಅಲೆಕ್ಸಾಂಡರ್ ಮತ್ತು ರೂಫನ ತಂದೆ ಎಂದು ಗುರುತಿಸುತ್ತಾನೆ. ಓದುವವರಿಗೆ ಆ ಮಕ್ಕಳು ಗೊತ್ತಿದ್ದವರೇ ಇರಬೇಕು, ಅಲ್ವಾ? ಬಿಟ್ಟಿಗೆ ಸಿಕ್ಕವನ ಮನೆಯವರು ಆಮೇಲೆ ಸ್ವಾಮಿಯ ಬಳಗದೊಳಗೇ ಇದ್ದರು ಅಂತ ನನ್ನ ಊಹೆ. ಅವತ್ತು ಅವನಿಗೆ ಗೊತ್ತಿದ್ದದ್ದು ಮರದ ಭಾರ ಮಾತ್ರ.

ಅದಕ್ಕೇ ಹೇಳ್ತೀನಿ, ರಾತ್ರಿ ಎರಡಕ್ಕೆ ಎದ್ದು ಒದ್ದೆ ಬಟ್ಟೆ ಬದಲಿಸುವಾಗ ಮನಸ್ಸಿನಲ್ಲಿ ಪ್ರೀತಿ ಹುಟ್ಟಲಿಲ್ಲ ಅಂತ ಕೊರಗಬೇಡ. ಸಿಟ್ಟು ಬಂದರೆ ತಾರಸಿಗೆ ಹೋಗಿ ಬೈಬಲಿನ 22ನೇ ಕೀರ್ತನೆ ಕೂಗು: “ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ?” ಶಿಲುಬೆಯ ಮೇಲೆ ಸ್ವಾಮಿಯ ಬಾಯಲ್ಲಿ ಬಂದದ್ದೂ ಅದೇ. ದೇವರಿಗೆ ಹೊಸದೇನಲ್ಲ.

ಇನ್ನು ಉಪವಾಸ. ನಮ್ಮ ಕಥೋಲಿಕ ಧರ್ಮಸಭೆಯ ನಿಯಮ 18 ತುಂಬಿದವರಿಂದ 59ರವರೆಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಕಾಯಿಲೆಯವರಿಗೆ ಅದೂ ಇಲ್ಲ. ನೀನು ಈಗಲೇ ಅರ್ಧಹೊಟ್ಟೆಯಲ್ಲಿದ್ದೀಯ ಅಂತ ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ತಪಸ್ಸು ಕಾಲಕ್ಕೆ ಏನನ್ನಾದರೂ ಬಿಡಲೇಬೇಕು ಅನಿಸಿದರೆ, ಎಲ್ಲ ನಾನೊಬ್ಬನೇ ಮಾಡ್ತೀನಿ ಅನ್ನುವ ಆ ಹಟ ಬಿಡು.

ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ಬಸ್ ಹತ್ತುತ್ತೇನೆ. ಆ ವಾರವಿಡೀ ರಾತ್ರಿಪಾಳಿ ನನ್ನದು, ನೀನು ಮಲಗು. ಅಲ್ಲಿಯತನಕ ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸುವುದನ್ನು ಮರೆಯಬೇಡ, ಬೆನ್ನು ಹುಣ್ಣಾದೀತು.

ನಿನ್ನ ದೊಡ್ಡಮ್ಮ